ಪರ್ಸಿ, ಕೇನ್, ಮ್ಯಾಗ್ನಸ್, ಆರು ಷಾ: ಮೊದಲು ಯಾವ ಸರಣಿ?

ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಮಕ್ಕಳ ಕಪಾಟಿನ ಮುಂದೆ ನಿಂತರೆ ಈ ನಾಲ್ಕು ಸರಣಿಗಳು ಹೆಚ್ಚುಕಡಿಮೆ ಅಕ್ಕಪಕ್ಕದಲ್ಲೇ ಸಿಗುತ್ತವೆ. ರಿಕ್ ರಿಯೋರ್ಡನ್ ಬರೆದ ಪರ್ಸಿ ಜಾಕ್ಸನ್‌ನಲ್ಲಿ ಗ್ರೀಕ್ ದೇವತೆಗಳು, ಅವರದೇ ಕೇನ್ ಕ್ರಾನಿಕಲ್ಸ್‌ನಲ್ಲಿ ಈಜಿಪ್ಟಿನವರು, ಮ್ಯಾಗ್ನಸ್ ಚೇಸ್‌ನಲ್ಲಿ ಉತ್ತರ ಯುರೋಪಿನ ನಾರ್ಸ್ ದೇವತೆಗಳು. ರೋಶನಿ ಚೋಕ್ಷಿ ಬರೆದ ಆರು ಷಾ ಸರಣಿಯಲ್ಲಿ ನಮ್ಮ ಪಾಂಡವರು. ಹತ್ತು ಹನ್ನೊಂದು ವರ್ಷದ ಮಗುವನ್ನು ಕರೆತಂದ ಅಪ್ಪ ಅಮ್ಮಂದಿರ ಕೈ ಮೊದಲು ಹೋಗುವುದು ಆರು ಷಾ ಕಡೆಗೆ. ಅರ್ಜುನ, ಭೀಮ, ಇಂದ್ರ, ವಾಯು ಎಲ್ಲ ಅಜ್ಜಿ ಹೇಳಿದ ಹೆಸರುಗಳು, ಮಗುವಿಗೆ ಸುಲಭವಾದೀತು ಅನ್ನುವ ಲೆಕ್ಕ. ಲೆಕ್ಕ ಸಹಜವೇ. ಆದರೂ ನಾಲ್ಕನ್ನೂ ಕೊನೆಯವರೆಗೆ ಓದಿ, ಮಕ್ಕಳಿಗೂ ಓದಿಸಿ ನೋಡಿದ ಮೇಲೆ ನಾನು ಹೇಳುವ ಕ್ರಮ ಬೇರೆ. ಮೊದಲು ಪರ್ಸಿಯ ಐದು ಪುಸ್ತಕ. ಆರು ಷಾ ಅದರ ನಂತರ. ಕೇನ್ ಮತ್ತು ಮ್ಯಾಗ್ನಸ್ ಮಗುವಿನ ವಯಸ್ಸು, ಓದಿನ ರೂಢಿ ನೋಡಿಕೊಂಡು.

ಕಾರಣ ದೇವರುಗಳ ಪರಿಚಯದಲ್ಲಿಲ್ಲ, ಪುರಾಣವನ್ನು ಕತೆಯೊಳಗೆ ದುಡಿಸುವ ರೀತಿಯಲ್ಲಿದೆ. ಯಕ್ಷಗಾನ ನೋಡಲು ಕೂತವರಿಗೆ ಭಸ್ಮಾಸುರ ಸುಟ್ಟುಹೋಗುತ್ತಾನೆ ಅಂತ ಮೊದಲೇ ಗೊತ್ತು. ಆದರೆ ರಂಗದ ಮೇಲಿರುವ ಭಸ್ಮಾಸುರನಿಗೆ ಗೊತ್ತಿಲ್ಲ. ಅವನ ಕೈ ಮೆಲ್ಲಮೆಲ್ಲನೆ ತಲೆಯ ಕಡೆಗೆ ಏರುವುದನ್ನು ನೋಡಲೆಂದೇ ಜನ ನಿದ್ದೆಗೆಟ್ಟು ಕೂರುತ್ತಾರೆ. ಪುರಾಣದ ಫ್ಯಾಂಟಸಿ ನಿಲ್ಲುವುದೂ ಬೀಳುವುದೂ ಇದೇ ಜಾಗದಲ್ಲಿ. ಹಳೆಯ ಕತೆಯ ನಿಯಮವೇ ಹೊಸ ಕತೆಯ ತೀರ್ಪನ್ನು ಕೊಡಬೇಕು. ಓದುಗನಿಗೆ ಆ ನಿಯಮ ಗೊತ್ತಿದ್ದರೂ ಪಾತ್ರಕ್ಕೆ ಅದು ತನ್ನ ಮೈಮೇಲೆ ಬಂದಾಗಲೇ ಗೊತ್ತಾಗಬೇಕು. ನಾಲ್ಕೂ ಸರಣಿಗಳನ್ನು ನಾನು ಅಳೆದದ್ದು ಈ ಎರಡು ಮಾತಿನಿಂದ.

ಮೆಡೂಸಾ ಅಂಗಡಿ, ಮೇಡಂ ಬೀ ಪಾರ್ಲರ್

ಪರ್ಸಿಯ ಮೊದಲ ಪುಸ್ತಕ ದಿ ಲೈಟ್ನಿಂಗ್ ಥೀಫ್, 2005ರದ್ದು. ಅದರ 11ನೇ ಅಧ್ಯಾಯ ಇಡೀ ಸರಣಿಯ ಪರೀಕ್ಷೆ. ಹಸಿದು ಸೋತ ಮೂರು ಮಕ್ಕಳು, ಅಂದರೆ ದೇವತೆಯೊಬ್ಬನ ಮಗ ಪರ್ಸಿ, ಅವನ ಜೊತೆಗಾರರಾದ ಆನಬೆತ್ ಮತ್ತು ಗ್ರೋವರ್, ರಸ್ತೆ ಬದಿಯ ಒಂದು ಅಂಗಡಿಗೆ ಬರುತ್ತಾರೆ. ಸಿಮೆಂಟಿನ ಬೊಂಬೆ ಮಾರುವ ಜಾಗ, ಹೊರಗೆ ಅಂಗಳದ ತುಂಬ ಪ್ರತಿಮೆಗಳು. ಮೈ ಪೂರ್ತಿ ಬಟ್ಟೆ ಹೊದ್ದು, ಮುಖ ಮುಚ್ಚಿಕೊಂಡ ಹೆಂಗಸೊಬ್ಬಳು ಕರೆದು ಬರ್ಗರ್ ಕೊಡುತ್ತಾಳೆ, ಆಂಟಿ ಎಮ್ ಅಂತ ಹೆಸರು ಹೇಳುತ್ತಾಳೆ, ದುಡ್ಡು ಬೇಡ ಅನ್ನುತ್ತಾಳೆ. ಕೊನೆಗೆ ಒಂದು ಫೋಟೋ ತೆಗೆಯಬೇಕು, ಪ್ರತಿಮೆಯ ಪಕ್ಕ ನಿಲ್ಲಿ ಅನ್ನುತ್ತಾಳೆ. ಪ್ರತಿಮೆಗಳ ಮುಖದಲ್ಲೆಲ್ಲ ಹೆದರಿಕೆ ಯಾಕಿದೆ ಅನ್ನುವ ಸಣ್ಣ ಸುಳಿವು ಮೊದಲೇ ಬಂದು ಹೋಗಿರುತ್ತದೆ. ಗ್ರೋವರ್‌ಗೆ ಒಂದು ಪ್ರತಿಮೆ ತನ್ನ ಮಾವ ಫರ್ಡಿನಂಡ್ ಥರ ಕಾಣುತ್ತದೆ. ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ಕತೆ ಗೊತ್ತಿದ್ದ ಮಗು ಇಷ್ಟು ಹೊತ್ತಿಗೆ ಪುಟಗಳಿಗೆ ಕೂಗಿ ಹೇಳುತ್ತಿರುತ್ತದೆ. ಗೊತ್ತಿಲ್ಲದ ಮಗುವಿಗೆ ಏನೋ ಸರಿಯಿಲ್ಲ ಅನಿಸುತ್ತಿರುತ್ತದೆ. ಇಬ್ಬರಿಗೂ ದೃಶ್ಯ ಕೆಲಸ ಮಾಡುತ್ತದೆ. ಬಿಡುಗಡೆಯ ದಾರಿಯೂ ಹಳೆಯದೇ: ನೇರ ನೋಡಬಾರದು, ಪ್ರತಿಬಿಂಬದಲ್ಲಿ ನೋಡಬೇಕು. ಪುರಾಣದ ಪರ್ಸಿಯಸ್‌ಗೆ ಹೊಳೆಯುವ ಗುರಾಣಿ ಇತ್ತು. ಇಲ್ಲಿ ಅದೇ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ತೋಟದ ಗಾಜಿನ ಗೋಳ. ಕೊಂದು ಮುಗಿಸಿದ ಮೇಲೆ ಪರ್ಸಿ ಆ ತಲೆಯನ್ನು ಪೆಟ್ಟಿಗೆಗೆ ಹಾಕಿ ಒಲಿಂಪಸ್ಸಿನ ದೇವತೆಗಳಿಗೇ ಪಾರ್ಸೆಲ್ ಕಳಿಸುತ್ತಾನೆ. ಹುಡುಗನ ಸ್ವಭಾವ ಏನು, ದೇವತೆಗಳ ಮೇಲೆ ಅವನಿಗಿರುವ ಸಿಟ್ಟು ಎಷ್ಟು ಅನ್ನುವುದೆಲ್ಲ ಆ ಒಂದು ಪಾರ್ಸೆಲ್ಲಿನಲ್ಲಿದೆ.

ಇದನ್ನು ಆರು ಷಾ ಅಂಡ್ ದಿ ಎಂಡ್ ಆಫ್ ಟೈಮ್‌ನ ಮೇಡಂ ಬೀ ಅಸುರ ದೃಶ್ಯದ ಪಕ್ಕ ಇಡಿ. ಬ್ಯೂಟಿ ಪಾರ್ಲರ್ ನಡೆಸುವ ರಾಕ್ಷಸಿ, ಮುಟ್ಟಿದವರು ಬೂದಿ. ಅಸಲು ನಮ್ಮ ಭಸ್ಮಾಸುರನ ಕತೆಯೇ. ಪಾರ್ಲರ್ ಆಗಿಸಿದ್ದು ಚೆಂದದ ಯೋಚನೆ. ರೂಪಕ್ಕೆ ಮರುಳಾಗಿ ಸತ್ತವನ ಕತೆಗೆ ಅದಕ್ಕಿಂತ ಹೊಂದುವ ಜಾಗ ಇನ್ನೊಂದಿಲ್ಲ. ಆದರೆ ಈ ಪುಸ್ತಕ ಮೂಲತಃ ಭಸ್ಮಾಸುರನ ಹೆಸರೇ ಕೇಳದ ಅಮೆರಿಕದ ಮಕ್ಕಳಿಗಾಗಿ ಬರೆದದ್ದು. ಹಾಗಾಗಿ ಓಟದ ನಡುವೆ ನಿಲ್ಲಿಸಿ ಹಳೆಯ ಕತೆಯನ್ನು ಹೇಳಲೇಬೇಕಾಗುತ್ತದೆ. ಅಟ್ಲಾಂಟಾದ ಮಗುವಿಗೆ ಅದು ಬೇಕು. ಬಸವನಗುಡಿಯ ಮಗುವಿಗೆ ಅದು ಎರಡು ಸಲ ಹೇಳಿದ ಹಾಗೆ. ವಿವರಣೆ ಮುಗಿಯುವಷ್ಟರಲ್ಲಿ ಅದು ಉತ್ತರ ಹೇಳಿ ಮುಂದೆ ಹೋಗಿಬಿಟ್ಟಿರುತ್ತದೆ. ಪುಸ್ತಕದ ತಪ್ಪಲ್ಲ ಇದು, ಓದುಗರ ವ್ಯತ್ಯಾಸ. ಆದರೆ ಮೊದಲ ಪುಸ್ತಕವಾಗಿ ಕೈಗೆ ಕೊಟ್ಟಾಗ ಈ ತಡೆತಡೆದು ಹೋಗುವ ನಡೆಯೇ ಮಕ್ಕಳನ್ನು ಅರ್ಧಕ್ಕೆ ನಿಲ್ಲಿಸುತ್ತದೆ.

2023ರ ಡಿಸೆಂಬರಿನಲ್ಲಿ ಡಿಸ್ನಿಯವರ ಪರ್ಸಿ ಸರಣಿ ಬಂತಲ್ಲ, ಮೊದಲ ಸೀಸನ್ ಎಂಟು ಕಂತಿನದ್ದು, ಅದು ಎಡವಿದ್ದೂ ಇಲ್ಲೇ. ಅದರಲ್ಲಿ ಆಂಟಿ ಎಮ್ ಎದುರಾದ ಕೂಡಲೇ ಮಕ್ಕಳಿಗೆ ಇವಳು ಮೆಡೂಸಾ ಅಂತ ತಿಳಿದುಬಿಡುತ್ತದೆ. ನಟರು ಒಳ್ಳೆಯವರು, ವಾಕರ್ ಸ್ಕೋಬೆಲ್ ಪರ್ಸಿಯಾಗಿ ಚೆನ್ನಾಗಿಯೇ ಒಪ್ಪುತ್ತಾನೆ, ಗ್ರೋವರ್ ಆಗಿ ಆರ್ಯನ್ ಸಿಂಹಾದ್ರಿಯಂತೂ ಬಹಳ ಇಷ್ಟವಾಗುತ್ತಾನೆ. ಆದರೂ ಪಾತ್ರಕ್ಕೆ ಎಲ್ಲ ಮೊದಲೇ ಗೊತ್ತಾದರೆ ಭಯಕ್ಕೆ ಜಾಗವಿಲ್ಲ. 2010ರ ಸಿನಿಮಾ ಇದಕ್ಕಿಂತ ದೊಡ್ಡ ಹಾನಿ ಮಾಡಿತು: ಭವಿಷ್ಯವಾಣಿಯನ್ನೂ ಸರಣಿಯ ಮುಖ್ಯ ಖಳ ಕ್ರೋನಸ್‌ನನ್ನೂ ಕತೆಯಿಂದಲೇ ತೆಗೆದುಹಾಕಿತು. ಐದು ಪುಸ್ತಕದ ಬೆನ್ನುಮೂಳೆ ಅವೆರಡೇ. ಮಗು ಸಿನಿಮಾ ನೋಡಿ, ಕತೆ ಗೊತ್ತು ಅಂದರೆ ನಂಬಬೇಡಿ, ಪುಸ್ತಕ ಕೊಡಿ.

ಭವಿಷ್ಯವಾಣಿ ಮತ್ತು ನಮ್ಮ ವರ

ಪರ್ಸಿ ನಮ್ಮ ಮಕ್ಕಳಿಗೆ ಹೊರಗಿನದು ಅನಿಸದಿರಲು ಒಂದು ಕಾರಣವಿದೆ. ದೇವತೆಗಳ ಮಕ್ಕಳಿರುವ ಕ್ಯಾಂಪಿನಲ್ಲಿ ಆರಕಲ್ ಎಂಬ ಕಾಲಜ್ಞಾನಿ ಹೇಳುವ ಭವಿಷ್ಯದ ಪದ್ಯ ನಮ್ಮ ವರ, ಶಾಪಗಳ ಹಾಗೇ ಕೆಲಸ ಮಾಡುತ್ತದೆ. ಹಿರಣ್ಯಕಶಿಪು ಹಗಲೂ ಬೇಡ ರಾತ್ರಿಯೂ ಬೇಡ, ಒಳಗೂ ಬೇಡ ಹೊರಗೂ ಬೇಡ ಎಂದು ಕಟ್ಟಿಕೊಂಡ ಬೇಲಿಯಲ್ಲಿ ಮುಸ್ಸಂಜೆಯೂ ಹೊಸ್ತಿಲೂ ಉಳಿದುಹೋದವಲ್ಲ, ಅದೇ ತರ್ಕ. ಮೊದಲ ಪುಸ್ತಕದ ಪದ್ಯದಲ್ಲಿ ನಾಲ್ಕು ಸಾಲು. ನಾಲ್ಕೂ ನಿಜವಾಗುತ್ತವೆ, ಆದರೆ ಪರ್ಸಿ ಅಂದುಕೊಂಡ ಅರ್ಥದಲ್ಲಿ ಅಲ್ಲ. ಗೆಳೆಯ ಎನಿಸಿಕೊಂಡವನು ಮೋಸ ಮಾಡುತ್ತಾನೆ ಅನ್ನುವ ಸಾಲನ್ನು ಕೇಳಿದ ಮೇಲೆ ಓದುಗ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡುತ್ತಾನೆ, ತಪ್ಪು ಮನುಷ್ಯನನ್ನೇ ಹಿಡಿಯುತ್ತಾನೆ.

ಮನೆಯಲ್ಲಿ ಗಟ್ಟಿಯಾಗಿ ಓದುವವರಿಗೆ ಒಂದು ಉಪಾಯ. ಆರಕಲ್ ಪದ್ಯ ಬಂದ ದಿನವೇ ಅದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಪ್ರತಿ ಸಾಲಿನ ಮುಂದೆ ಮಗು ತನ್ನ ಊಹೆ ಬರೆಯಲಿ, ಪೆನ್ಸಿಲಿನಲ್ಲಿ. ಸಾಲು ನಿಜವಾದಾಗ ಊಹೆಯನ್ನು ಅಳಿಸದೆ ಪಕ್ಕದಲ್ಲಿ ಪೆನ್ನಿನಲ್ಲಿ ಸರಿಯಾದದ್ದು ಬರೆಯಲಿ. ಐದು ಪುಸ್ತಕಕ್ಕೂ ಇದು ನಡೆಯುತ್ತದೆ, ಯಾಕೆಂದರೆ ದೊಡ್ಡ ಭವಿಷ್ಯವಾಣಿ ಒಂದಿದೆ, ಪರ್ಸಿಗೆ ಹದಿನಾರು ತುಂಬುವ ದಿನಕ್ಕೆ ಗಂಟು ಹಾಕಿದ್ದು. ಅದು 2009ರಲ್ಲಿ ಬಂದ ದಿ ಲಾಸ್ಟ್ ಒಲಿಂಪಿಯನ್‌ನಲ್ಲಿ ಬಿಚ್ಚುತ್ತದೆ. ಕ್ರಮ ತಪ್ಪಿಸಿ ಓದಿದರೆ ಈ ಗಂಟಿನ ಸುಖ ಪೂರಾ ಹೋಗುತ್ತದೆ. ಲೈಟ್ನಿಂಗ್ ಥೀಫ್, ಸೀ ಆಫ್ ಮಾನ್ಸ್ಟರ್ಸ್, ಟೈಟನ್ಸ್ ಕರ್ಸ್, ಬ್ಯಾಟಲ್ ಆಫ್ ದಿ ಲ್ಯಾಬಿರಿಂತ್, ಲಾಸ್ಟ್ ಒಲಿಂಪಿಯನ್: ವರ್ಷಕ್ಕೊಂದರಂತೆ ಬಂದ ಇದೇ ಕ್ರಮದಲ್ಲಿ ಓದಬೇಕು.

ಹನ್ನೊಂದನೇ ಕ್ಯಾಬಿನ್

ಪರ್ಸಿಯನ್ನು ಮುಂದಿಡಲು ನನಗಿರುವ ದೊಡ್ಡ ಕಾರಣ ರಾಕ್ಷಸರೂ ಅಲ್ಲ, ಕತ್ತಿಯೂ ಅಲ್ಲ. ಕ್ಯಾಂಪ್ ಹಾಫ್‌ಬ್ಲಡ್‌ನಲ್ಲಿ ಒಲಿಂಪಿಯನ್ ದೇವತೆಗಳ ಹೆಸರಿನಲ್ಲಿ ಹನ್ನೆರಡು ಕ್ಯಾಬಿನ್‌ಗಳಿವೆ, ಆಯಾ ದೇವತೆಯ ಮಕ್ಕಳು ಆಯಾ ಕ್ಯಾಬಿನ್ನಿನಲ್ಲಿ. ಹನ್ನೊಂದನೆಯದು ಹರ್ಮಿಸ್‌ನದು. ಅವನು ದಾರಿಹೋಕರ ದೇವತೆಯಾದ್ದರಿಂದ ಯಾರ ಮಗು ಅಂತ ಇನ್ನೂ ತಿಳಿಯದವರಿಗೂ ಅಲ್ಲೇ ಜಾಗ. ತಂದೆಯೋ ತಾಯಿಯೋ ಒಂದು ಗುರುತು ತೋರಿಸಿ ‘ಇದು ನನ್ನ ಮಗು’ ಎನ್ನುವವರೆಗೆ ಅವು ನೆಲದ ಮೇಲೆ ಸ್ಲೀಪಿಂಗ್ ಬ್ಯಾಗ್ ಹಾಸಿಕೊಂಡು ಮಲಗುತ್ತವೆ. ಕೆಲವರಿಗೆ ಆ ಗುರುತು ಬರುವುದೇ ಇಲ್ಲ. ಇತ್ತ ದೇವತೆಗಳ ರಾಜ ಜ್ಯೂಸ್‌ನ ಕ್ಯಾಬಿನ್, ರಾಣಿ ಹೇರಾಳ ಕ್ಯಾಬಿನ್ ಅಮೃತಶಿಲೆಯಲ್ಲಿ ಹೊಳೆಯುತ್ತ ಖಾಲಿ ನಿಂತಿರುತ್ತವೆ.

ಪಂಪನಿಂದ ಹಿಡಿದು ತಾಳಮದ್ದಳೆಯವರೆಗೆ ಕರ್ಣನ ಪರವಾಗಿ ವಾದ ಕೇಳಿ ಬೆಳೆದ ಕನ್ನಡದ ಮನೆಗಳಿಗೆ ಈ ನೆಲದ ಹಾಸಿಗೆ ಎಲ್ಲಿಗೆ ಹೋಗಿ ತಲುಪುತ್ತದೆ ಅಂತ ಹೇಳಿಕೊಡಬೇಕಿಲ್ಲ. ದೇವರ ಮಗನಾಗಿಯೂ ದೇವರ ಕಣ್ಣಿಗೆ ಬೀಳದವನು, ಆ ಉರಿಯಲ್ಲೇ ಎದುರು ಪಾಳಯ ಸೇರುವವನು ಈ ಸರಣಿಯಲ್ಲೂ ಇದ್ದಾನೆ. ಯಾರು ಅಂತ ಹೇಳುವುದಿಲ್ಲ. ಅವನ ತಪ್ಪನ್ನು ಪುಸ್ತಕ ಮುಚ್ಚುವುದಿಲ್ಲ, ಅವನ ದೂರು ನ್ಯಾಯವಾದದ್ದು ಎಂಬುದನ್ನೂ ಮುಚ್ಚುವುದಿಲ್ಲ. ಐದನೆಯ ಪುಸ್ತಕದ ಕೊನೆಯಲ್ಲಿ ಪರ್ಸಿ ಕೇಳಿಕೊಳ್ಳುವುದು ಏನು ಅಂತ ಓದಿದಾಗ ಮೊದಲ ಪುಸ್ತಕದ ಆ ಕ್ಯಾಬಿನ್ ವಿವರ ಯಾಕೆ ಅಷ್ಟು ಉದ್ದವಿತ್ತು ಅಂತ ಗೊತ್ತಾಗುತ್ತದೆ. ಇಷ್ಟು ಮುಂಚಿನ ಯೋಜನೆ ಉಳಿದ ಮೂರೂ ಸರಣಿಗಳಲ್ಲಿ ಇಲ್ಲ.

ಓದುವುದೇ ಕಷ್ಟವಾಗಿರುವ ಮಕ್ಕಳಿಗೂ ಪರ್ಸಿಯೇ ಒಳ್ಳೆಯದು. ರಿಯೋರ್ಡನ್ ಟೆಕ್ಸಸ್ಸಿನ ಶಾಲಾ ಮೇಷ್ಟ್ರಾಗಿದ್ದವರು. ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ), ಡಿಸ್ಲೆಕ್ಸಿಯಾ (ಅಕ್ಷರ ಓದುವ ತೊಂದರೆ) ಇದ್ದ ತಮ್ಮ ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳಿದ ಕತೆಯಿಂದ ಇದು ಹುಟ್ಟಿದ್ದು. ಪರ್ಸಿಗೂ ಅವೆರಡೂ ಇವೆ. ವಾಕ್ಯ ಚಿಕ್ಕದು, ಪ್ಯಾರಾ ಚಿಕ್ಕದು, ಮಾತು ಹುಡುಗನದೇ. ಅಕ್ಷರ ಕುಣಿಯುವ ಮಗುವಿಗೆ ಆಡಿಯೋ ಪುಸ್ತಕ ಹಾಕಿ, ಕೈಯಲ್ಲಿ ಪುಸ್ತಕ ಕೊಟ್ಟು, ಬೆರಳಿಟ್ಟು ಹಿಂಬಾಲಿಸಲು ಬಿಡಿ. ಮೊದಮೊದಲು ಒಂದು ಸಲ ಕೂತರೆ ಒಂದು ಅಧ್ಯಾಯ ಸಾಕು. ಗ್ರೀಕ್ ಹೆಸರುಗಳ ಉಚ್ಚಾರ ಒಂದು ತೊಡಕು. ಕೈರಾನ್, ಪರ್ಸೆಫನಿ, ಡಯನೈಸಸ್ ಇವನ್ನೆಲ್ಲ ನೋಡಿ ಓದಿದರೆ ತಪ್ಪು ಬಾಯಿಗೆ ಹತ್ತುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಓದಲು ಕೂರುವ ಮುಂಚೆ ದೊಡ್ಡವರು ಒಮ್ಮೆ ಆಡಿಯೋ ಕೇಳಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಕನ್ನಡ ಲಿಪಿಯಲ್ಲಿ ಬರೆದರೆ ಸಂಶಯಕ್ಕೆ ಎಡೆಯೇ ಇಲ್ಲ.

ಕೇನ್: ಆಳ ಹೆಚ್ಚು, ಬಾಗಿಲು ಬಿಗಿ

ಕೇನ್ ಕ್ರಾನಿಕಲ್ಸ್ ಮೂರೇ ಪುಸ್ತಕ, 2010ರಿಂದ 2012. ಪುರಾಣವನ್ನು ಗಂಭೀರವಾಗಿ ಹಿಡಿದ ವಿಷಯದಲ್ಲಿ ರಿಯೋರ್ಡನ್ನರ ಬೇರೆ ಯಾವ ಸರಣಿಯೂ ಇದರ ಸಮಕ್ಕೆ ಬರುವುದಿಲ್ಲ. ಈಜಿಪ್ಟಿನವರು ಆತ್ಮವನ್ನು ಹಲವು ಭಾಗವಾಗಿ ಕಾಣುತ್ತಿದ್ದರು: ಬಾ, ಕಾ, ರೆನ್, ಇಬ್, ಶುತ್. ಇಲ್ಲಿನ ಮಾಟಮಂತ್ರವೆಲ್ಲ ಆ ನಂಬಿಕೆಯ ಮೇಲೆಯೇ ನಿಂತಿದೆ. ಗುಟ್ಟಿನ ಹೆಸರು, ಅಂದರೆ ರೆನ್, ಗೊತ್ತಾದವನ ಕೈಯಲ್ಲಿ ನಿಮ್ಮ ಜೀವ. ಬರೆದ ಚಿತ್ರಲಿಪಿಯೇ ಮಂತ್ರ. ದೇವತೆಗಳು ಎದುರು ಬಂದು ನಿಲ್ಲುವುದಕ್ಕಿಂತ ಮನುಷ್ಯರ ಮೈಯೊಳಗೆ ಇಳಿಯುತ್ತಾರೆ; ಮೈಮೇಲೆ ದೇವರು ಬರುವುದನ್ನು ಕಂಡ ನಾಡಿನವರಿಗೆ ಇದನ್ನು ಒಪ್ಪಿಕೊಳ್ಳಲು ಒಂದು ಪುಟವೂ ಬೇಡ. ದೇವರು ಒಳಗಿದ್ದಾಗ ಆಡಿದ ಮಾತು ಯಾರದ್ದು, ಹುಡುಗ ಕಾರ್ಟರ್‌ನದೋ ಅವನೊಳಗಿನ ದೇವತೆ ಹೋರಸ್‌ನದೋ ಅನ್ನುವ ಪ್ರಶ್ನೆಯನ್ನು ಪುಸ್ತಕ ಕೊನೆಯವರೆಗೂ ಬಿಡುವುದಿಲ್ಲ.

ಎರಡನೆಯ ಪುಸ್ತಕ ದಿ ಥ್ರೋನ್ ಆಫ್ ಫೈರ್‌ನಲ್ಲಿ ಚಂದ್ರದೇವತೆ ಖೋನ್ಸು ಜೊತೆ ಪಗಡೆಯಂಥ ಸೆನೆಟ್ ಆಟ ಆಡುವ ದೃಶ್ಯವಿದೆ. ಗೆದ್ದರೆ ರಾತ್ರಿಗೆ ಹೆಚ್ಚುವರಿ ಗಂಟೆಗಳು, ಸೋತರೆ ಒಬ್ಬರ ರೆನ್. ಖೋನ್ಸುವಿನ ಜೊತೆ ಜೂಜಾಡಿ ವರ್ಷಕ್ಕೆ ಐದು ದಿನ ಗೆದ್ದ ಹಳೆಯ ಕತೆಯ ಮೇಲೆ ಕಟ್ಟಿದ್ದು ಇದು. ಯಾರನ್ನು ಪಣಕ್ಕಿಡುವುದು ಅನ್ನುವ ಮಾತು ಬಂದಾಗ, ಗಮಕದಲ್ಲಿ ಸಭಾಪರ್ವ ಕೇಳಿದವರಿಗೆ ಎದೆ ಧಸಕ್ಕೆನ್ನುತ್ತದೆ. ನನ್ನ ಮಟ್ಟಿಗೆ ನಾಲ್ಕು ಸರಣಿಗಳಲ್ಲೂ ಅತ್ಯಂತ ಬಿಗಿಯಾದ ದೃಶ್ಯ ಇದು.

ಹಾಗಿದ್ದರೂ ಮೊದಲು ಕೊಡಬೇಡಿ. ಕತೆಯನ್ನು ಅಣ್ಣ ಕಾರ್ಟರ್, ತಂಗಿ ಸೇಡಿ ಸರದಿಯಲ್ಲಿ ಹೇಳುತ್ತಾರೆ, ಧ್ವನಿಮುದ್ರಣವನ್ನು ಬರಹಕ್ಕಿಳಿಸಿದ ರೂಪದಲ್ಲಿ. ನಡುವೆ ಒಬ್ಬರು ಇನ್ನೊಬ್ಬರನ್ನು ಕಂಸದೊಳಗೆ ಗದರಿಸುತ್ತಿರುತ್ತಾರೆ. ‘ನಾನು’ ಅಂದರೆ ಯಾರು ಅನ್ನುವುದನ್ನು ಅಧ್ಯಾಯದ ತಲೆಬರಹದ ಬಳಿ ಇರುವ ಹೆಸರು ನೋಡಿಯೇ ತಿಳಿಯಬೇಕು. ರಾತ್ರಿ ಅರ್ಧಕ್ಕೆ ಬಿಟ್ಟು ಮಾರನೆ ದಿನ ತೆರೆದ ಮಗು ಇಲ್ಲಿ ದಾರಿ ತಪ್ಪುತ್ತದೆ. ಮೇಲಾಗಿ ದಿ ರೆಡ್ ಪಿರಮಿಡ್ ಐನೂರು ಪುಟ ಮುಟ್ಟುವ ಪುಸ್ತಕ, ಮೊದಲ ಭಾಗದಲ್ಲಿ ವಿವರಣೆಯ ಭಾರವೂ ಜಾಸ್ತಿ. ಇಬ್ಬರು ಸೇರಿ ಗಟ್ಟಿಯಾಗಿ ಓದಿದರೆ ಈ ತೊಂದರೆ ಹೋಗಿ ಅದೇ ಸೊಗಸಾಗುತ್ತದೆ: ಒಬ್ಬರು ಕಾರ್ಟರ್, ಒಬ್ಬರು ಸೇಡಿ. ಅಣ್ಣ ತಂಗಿ ಇರುವ ಮನೆಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ. ಒಬ್ಬನೇ ಓದುವ ಹತ್ತು ವರ್ಷದವನಿಗೆ ಇನ್ನೂ ಎರಡು ವರ್ಷ ತಡೆಯಿರಿ.

ಮ್ಯಾಗ್ನಸ್: ಹದಿಮೂರರ ಮೇಲೆ

2015ರಿಂದ 2017ರ ನಡುವೆ ಬಂದ ಮೂರು ಪುಸ್ತಕ. ನಾಯಕನಿಗೆ ಹದಿನಾರು, ತಾಯಿ ಇಲ್ಲ, ಬಾಸ್ಟನ್ನಿನ ಬೀದಿಯಲ್ಲಿ ಬದುಕುವವನು, ಕತೆ ಶುರುವಾಗಿ ಸ್ವಲ್ಪದರಲ್ಲೇ ಸತ್ತೂ ಹೋಗುತ್ತಾನೆ. ಸತ್ತ ಮೇಲೆ, ಮಡಿದ ವೀರರು ಸೇರುವ ಹೋಟೆಲ್ ವಲ್‌ಹಲ್ಲಾದಲ್ಲಿ ಕತೆ ನಿಜವಾಗಿ ತೆರೆದುಕೊಳ್ಳುತ್ತದೆ. ಕಿವಿ ಕೇಳದ ಹಾರ್ತ್‌ಸ್ಟೋನ್ ಕೈಸನ್ನೆಯಲ್ಲಿ ಮಾತಾಡುತ್ತಾನೆ, ಹಿಜಾಬ್ ತೊಡುವ ಸಮೀರಾ ಮಡಿದ ವೀರರನ್ನು ಅಲ್ಲಿಗೆ ಕರೆತರುವ ವಾಲ್ಕಿರಿಯೂ ಹೌದು. ಎರಡನೆಯ ಪುಸ್ತಕದಿಂದ ಬರುವ ಅಲೆಕ್ಸ್ ಒಂದು ದಿನ ಹುಡುಗ, ಇನ್ನೊಂದು ದಿನ ಹುಡುಗಿ. ಇವರನ್ನು ಪಾಠ ಹೇಳಲು ತಂದಿಲ್ಲ; ಲೋಕಿ ರೂಪ ಬದಲಿಸುವ ದೇವತೆ, ಅಲೆಕ್ಸ್ ಅವನ ಸಂತಾನ, ಪುರಾಣದೊಳಗಿನಿಂದಲೇ ಬಂದ ಪಾತ್ರ.

ಮೂರನೆಯ ಪುಸ್ತಕ ದಿ ಶಿಪ್ ಆಫ್ ದಿ ಡೆಡ್‌ನ ಕೊನೆಯ ಹೋರಾಟ ಕತ್ತಿಯದಲ್ಲ, ಮಾತಿನದು. ಫ್ಲೈಟಿಂಗ್ ಅಂತ ನಾರ್ಸ್ ಜನರ ಬೈಗುಳದ ಪಂದ್ಯ. ಮ್ಯಾಗ್ನಸ್ ಎದುರು ಲೋಕಿ. ಮಾತಿನಿಂದಲೇ ಎದುರಾಳಿಯನ್ನು ಕುಗ್ಗಿಸಬೇಕು. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಗಳು ಎದುರು ಕೂತ ರಾತ್ರಿಯನ್ನು ಕಂಡವರು ಇದನ್ನು ಬಿಡಬಾರದು. ಮ್ಯಾಗ್ನಸ್‌ಗೆ ಬೈಯಲು ಬರುವುದಿಲ್ಲ, ಆ ಬರದಿರುವುದನ್ನೇ ಅವನು ಹೇಗೆ ಬಳಸುತ್ತಾನೆ ಅನ್ನುವುದು ಸರಣಿಯ ಅತ್ಯುತ್ತಮ ಗಳಿಗೆ. ಕೊರತೆ ಒಂದೇ: ಲೋಕವನ್ನೇ ಮುಗಿಸುವ ಯುದ್ಧ ರಾಗ್ನರಾಕ್ ಬರುತ್ತದೆ, ಬರುತ್ತದೆ ಎನ್ನುವ ಬೆದರಿಕೆ ಮೂರು ಸಲವೂ ಒಂದೇ ಆಕಾರದಲ್ಲಿ ಬಂದು ಒಂದೇ ಆಕಾರದಲ್ಲಿ ಮುಂದಕ್ಕೆ ಹೋಗುತ್ತದೆ. ಎರಡನೆಯ ಪುಸ್ತಕ ಆ ಕಾರಣಕ್ಕೆ ಸ್ವಲ್ಪ ಸಡಿಲ.

ಆರು ಷಾ: ಹೊತ್ತು ನೋಡಿ ಕೊಟ್ಟರೆ

ಈಗ ಮನೆಯ ಕತೆಗೆ ಬರೋಣ. 2018ರಿಂದ 2022ರವರೆಗೆ ಐದು ಪುಸ್ತಕ. ಅಟ್ಲಾಂಟಾದ ಮ್ಯೂಸಿಯಮ್ಮಿನಲ್ಲೇ ಮನೆ ಇರುವ ಹನ್ನೆರಡು ವರ್ಷದ ಆರು ಎಂಬ ಹುಡುಗಿ ಹಚ್ಚಬಾರದ ದೀಪವೊಂದನ್ನು ಹಚ್ಚುತ್ತಾಳೆ, ಮಲಗಿದ್ದವನೊಬ್ಬ ಎದ್ದುಬಿಡುತ್ತಾನೆ, ಒಂಬತ್ತು ದಿನದ ಗಡುವು ಬೀಳುತ್ತದೆ. ಆರು ಅರ್ಜುನನ ಮರುಹುಟ್ಟು, ಕಾಯಿಲೆ ಅಲರ್ಜಿಗಳಿಗೆ ಹೆದರುವ ಮಿನಿ ಧರ್ಮರಾಯನ ಮರುಹುಟ್ಟು. ಮುಂದೆ ಬರುವ ಬ್ರಿನ್ ಭೀಮ. ವಜ್ರಾಯುಧ ಮೊದಲು ಪಿಂಗ್‌ಪಾಂಗ್ ಚೆಂಡಾಗಿ ಕೈಗೆ ಸಿಗುತ್ತದೆ, ಮಿನಿಗೆ ಸಿಗುವುದು ಮೇಕಪ್ಪಿನ ಪುಟ್ಟ ಕನ್ನಡಿ.

ಪಾಂಡವರು ಹುಡುಗಿಯರಾದರೆ ಹೇಗೆ ಅಂತ ಕೇಳುವವರು ಇದ್ದಾರೆ. ಬೆಂಗಳೂರಿನವರು ಕೇಳಬಾರದ ಪ್ರಶ್ನೆ ಅದು. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗದಲ್ಲಿ ದ್ರೌಪದಿಯ ಶಕ್ತಿಯನ್ನು ಹೊರುವವನು ಗಂಡಸು, ಸೀರೆ ಬಳೆ ಮಲ್ಲಿಗೆ ತೊಟ್ಟು. ಸುತ್ತ ಕತ್ತಿ ಹಿಡಿದ ವೀರಕುಮಾರರು, ತಿಮಿರಾಸುರನ ವಿರುದ್ಧ ದ್ರೌಪದಿಯೇ ಸೃಷ್ಟಿಸಿದಳೆನ್ನುವ ಪಡೆ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುವ ಕರಗವನ್ನು ಕಂಡ ಮಗುವಿಗೆ ಹಳೆಯ ಚೈತನ್ಯ ಹೊಸ ಮೈ ಸೇರುವುದು ಹೊಸದೇನಲ್ಲ. ಆರು ಷಾದ ಆಧಾರವೂ ಇಷ್ಟೇ, ಅದನ್ನು ಚೋಕ್ಷಿ ಪ್ರೀತಿಯಿಂದಲೇ ಬಳಸಿದ್ದಾರೆ.

ಇದರ ಅತಿ ಒಳ್ಳೆಯ ಗಳಿಗೆಗಳಲ್ಲಿ ನಮ್ಮ ಓದುಗರಿಗೇ ಲಾಭ ಹೆಚ್ಚು. ಹುಡುಗಿಯರಿಗೆ ದಾರಿ ತೋರಲು ಬರುವ ಪಾರಿವಾಳ ತನ್ನ ಹೆಸರು ಸುಬಲ ಅನ್ನುತ್ತದೆ, ಹುಡುಗಿಯರು ಅದನ್ನು ಬೂ ಎಂದು ಚಿಕ್ಕದಾಗಿಸಿಕೊಳ್ಳುತ್ತಾರೆ. ಶಕುನಿಯ ಅಪ್ಪ, ಗಾಂಧಾರ ರಾಜನ ಹೆಸರು ನೆನಪಿರುವ ಅಜ್ಜ ಪಕ್ಕದಲ್ಲಿ ಕೂತಿದ್ದರೆ ಅಲ್ಲೇ ಕಿವಿ ನೆಟ್ಟಗಾಗುತ್ತದೆ. ಆರುಗೆ ಗೊತ್ತಿಲ್ಲ, ನಮಗೆ ಗೊತ್ತು. ಮೊದಲು ಹೇಳಿದ ಅಳತೆಯಲ್ಲಿ ನೂರಕ್ಕೆ ನೂರು ತೂಗುವ ಎಳೆ ಇದು, ಅಲ್ಲೇ ವಿವರಣೆ ಕೊಡದೆ ಬಿಟ್ಟಿದ್ದರಿಂದಲೇ ಅಷ್ಟು ಚೆನ್ನಾಗಿದೆ. ಇಡೀ ಪುಸ್ತಕ ಹೀಗೇ ನಂಬಿಕೆಯಿಂದ ನಡೆದಿದ್ದರೆ ನಾನು ಕ್ರಮವನ್ನೇ ಬದಲಿಸುತ್ತಿದ್ದೆ.

ಕಷ್ಟ ಬರುವುದು ಎರಡು ಕಡೆ. ವಿವರಣೆಯ ಮಾತು ಆಗಲೇ ಆಯಿತು. ಇನ್ನೊಂದು ತಮಾಷೆಯದು. ನೈಟ್ ಬಜಾರ್ ಎಂಬ ಮಾಯಾಸಂತೆ ಅಮೆರಿಕದ ಕಾಸ್ಟ್‌ಕೋ ಮಳಿಗೆಯಾಗಿ ಕಾಣುತ್ತದೆ, ಪುಟಪುಟಕ್ಕೂ ಅಮೆರಿಕದ ಸಿನಿಮಾ, ತಿಂಡಿ, ಅಂಗಡಿಗಳ ಉಲ್ಲೇಖ. ಪುರಾಣ ಗೊತ್ತಿದ್ದು ಕಾಸ್ಟ್‌ಕೋ ಗೊತ್ತಿಲ್ಲದ ಮಗು ಒಂದು ಕಡೆ ಬೇಸರಪಟ್ಟು ಇನ್ನೊಂದು ಕಡೆ ನಗು ಕಳೆದುಕೊಳ್ಳುತ್ತದೆ. ಪರ್ಸಿಯಲ್ಲೂ ಅಮೆರಿಕ ತುಂಬಿದೆ, ಒಲಿಂಪಸ್ ಇರುವುದೇ ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿ. ಆದರೆ ಅಲ್ಲಿ ನಗು ಹುಟ್ಟುವುದು ಪರ್ಸಿಯ ಬಾಯಿಂದ, ಉಲ್ಲೇಖದಿಂದಲ್ಲ. ಆ ಕಟ್ಟಡ ಕಾಣದವರೂ ನಗುತ್ತಾರೆ.

ಪರ್ಸಿಯ ಐದನ್ನು ಮುಗಿಸಿ ಬಂದ ಮಗುವಿಗೆ ಈ ಬಗೆಯ ಕತೆಯ ವ್ಯಾಕರಣ ರೂಢಿಯಾಗಿರುತ್ತದೆ, ಅಮೆರಿಕದ ಶಾಲೆ ಅಂಗಡಿಗಳೂ ಪರಿಚಿತ. ಆಗ ಆರು ಷಾ ಸರಾಗವಾಗಿ ಓಡುತ್ತದೆ. ಮೊದಲ ಪುಸ್ತಕದಲ್ಲಿ ಗೊತ್ತಿರುವ ಕತೆಯ ವಿವರಣೆ ಬಂದಾಗ ದಾಟಿಸಿಬಿಡಿ, ಅಥವಾ ಅಲ್ಲಿ ನಿಲ್ಲಿಸಿ ನಿಮ್ಮ ಮನೆಯಲ್ಲಿ ಆ ಕತೆಯನ್ನು ಹೇಳುವ ಹಾಗೆ ಕನ್ನಡದಲ್ಲಿ ಹೇಳಿ, ಆಮೇಲೆ ಪುಸ್ತಕದ್ದನ್ನು ಓದಿ ಎಲ್ಲಿ ಬೇರೆಯಾಯಿತು ಅಂತ ಮಗುವನ್ನೇ ಕೇಳಿ. ಕೊನೆಯಲ್ಲಿರುವ ಪದಕೋಶ ನಮಗೆ ಬೇಡ ಅಂತ ಬಿಡಬೇಡಿ. ಚೋಕ್ಷಿ ತಮ್ಮದೇ ಧಾಟಿಯಲ್ಲಿ ಬರೆದಿರುವುದರಿಂದ ಪದ ಗೊತ್ತಿದ್ದವರಿಗೂ ಅದು ಖುಷಿ ಕೊಡುತ್ತದೆ. ಬ್ರಿನ್ ಬಂದ ಮೇಲೆ, ಅಂದರೆ ಎರಡನೆಯ ಪುಸ್ತಕ ಸಾಂಗ್ ಆಫ್ ಡೆತ್‌ನಿಂದ, ಜಗಳಕ್ಕೂ ಜೀವ ಬರುತ್ತದೆ. ಮೊದಲನೆಯದರಲ್ಲಿ ಮನಸ್ಸು ನಿಲ್ಲದ ಮಗುವಿಗೂ ಎರಡನೆಯದನ್ನು ಐವತ್ತು ಪುಟದ ತನಕ ಓದಲು ಹೇಳಿ ನೋಡಿ.

ಬಂಗಾಳದ ಜನಪದ ಕತೆಗಳ ಮೇಲೆ ನಿಂತ ಸಯಂತನಿ ದಾಸಗುಪ್ತ ಅವರ ಕಿರಣಮಾಲಾ ಸರಣಿಯೂ 2018ರಲ್ಲೇ ಶುರುವಾದದ್ದು, ಮೂರು ಪುಸ್ತಕ. ಅಲ್ಲಿನ ರಾಕ್ಷಸರು ನಮಗೂ ಹೊಸಬರಾದ್ದರಿಂದ ಪುನರುಕ್ತಿಯ ಕಾಟವಿಲ್ಲ. ಆರು ಷಾ ಮುಗಿದ ಮೇಲೆ ಇನ್ನೂ ಬೇಕು ಎನ್ನುವವರಿಗೆ ಸರಿ.

ಕೊಳ್ಳುವಾಗ

ಅತಿ ಹೆಚ್ಚು ಆಗುವ ಎಡವಟ್ಟು ದಿ ಲಾಸ್ಟ್ ಹೀರೋ ಪುಸ್ತಕದ್ದು. ಅದನ್ನು ಪರ್ಸಿಯದೇ ಮುಂದಿನ ಕಂತು ಅಂದುಕೊಂಡು ತಂದು ಮೊದಲು ಓದಲು ಕೂರುತ್ತಾರೆ. ಅದು 2010ರಿಂದ 2014ರವರೆಗೆ ನಡೆದ ಹೀರೋಸ್ ಆಫ್ ಒಲಿಂಪಸ್ ಎಂಬ ಎರಡನೆಯ ಪಂಚಕದ ಮೊದಲ ಪುಸ್ತಕ. ಅದರಲ್ಲಿ ಪರ್ಸಿ ಕಾಣೆಯಾಗಿದ್ದಾನೆ, ಕತೆ ಜೇಸನ್, ಪೈಪರ್, ಲಿಯೋ ಅವರದು. ಪರ್ಸಿಯ ಐದು ಓದದೆ ಹೋದರೆ ಆ ಕಾಣೆಯಾದವನ ಬಗ್ಗೆ ಎಲ್ಲರೂ ಯಾಕೆ ಅಷ್ಟು ತಲೆ ಕೆಡಿಸಿಕೊಂಡಿದ್ದಾರೆ ಅಂತಲೇ ತಿಳಿಯುವುದಿಲ್ಲ. ಐದು ಮುಗಿಸಿದವರಿಗೂ ಒಂದು ಎಚ್ಚರಿಕೆ: ಇಲ್ಲಿ ಹೇಳುವವರು ಹೆಚ್ಚುತ್ತ ಹೋಗುತ್ತಾರೆ, ದಿ ಹೌಸ್ ಆಫ್ ಹೇಡೀಸ್‌ನಲ್ಲಿ ಏಳು ಜನ. ಆದರೂ ಪಾತಾಳದಂಥ ಟಾರ್ಟರಸ್ಸಿನ ಭಾಗದಿಂದಾಗಿ ಈ ಪಂಚಕದಲ್ಲಿ ಅದೇ ಶ್ರೇಷ್ಠ. ಕೊನೆಯ ದಿ ಬ್ಲಡ್ ಆಫ್ ಒಲಿಂಪಸ್‌ನಲ್ಲಿ ಪರ್ಸಿ, ಆನಬೆತ್ ಇಬ್ಬರ ದೃಷ್ಟಿಯಿಂದ ಒಂದು ಅಧ್ಯಾಯವೂ ಇಲ್ಲ. ಅಷ್ಟು ದೂರ ಜೊತೆ ನಡೆದ ಓದುಗರಿಗೆ ಅದು ನೋವಿನ ಆಯ್ಕೆ, ಯುದ್ಧವೂ ಅವಸರದಲ್ಲಿ ಮುಗಿದುಹೋಗುತ್ತದೆ.

ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ನಕಲಿ ಪ್ರತಿಗಳನ್ನು ಬಿಡಿ. ಲೇಖಕರಿಗೆ ಅನ್ಯಾಯ ಅನ್ನುವುದು ಒಂದು. ಇನ್ನೊಂದು, ಪುಸ್ತಕ ಕಟ್ಟುವಾಗ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿದ ಪುಟಗಳ ಕಟ್ಟು, ಬಿಟ್ಟುಹೋದರೆ ಒಟ್ಟಿಗೆ ಹದಿನಾರು ಪುಟ ಹೋಗುತ್ತವೆ, ಅದೇ ಫಾರಂ ಎರಡು ಸಲ ಸೇರಿಕೊಳ್ಳುವುದೂ ಉಂಟು. ಹಳೆಯ ಪುಸ್ತಕ ಕೊಳ್ಳುವುದರಲ್ಲಿ ತಪ್ಪಿಲ್ಲ, ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಅಂಥ ಕಡೆ ಹಳೆಯ ಪ್ರತಿಗಳ ಕಪಾಟನ್ನೂ ನೋಡಿ. ತೆಗೆದುಕೊಳ್ಳುವ ಮುಂಚೆ ಪುಟಸಂಖ್ಯೆಯನ್ನು ಹದಿನಾರು ಹದಿನಾರರಂತೆ ತಿರುವಿ ನೋಡಿ, ಬೆನ್ನನ್ನು ನಡುವೆ ಮೆಲ್ಲಗೆ ಬಿಚ್ಚಿ ಅಂಟು ಒಣಗಿ ಪುಡಿಯಾಗುತ್ತಿದೆಯೇ ಅಂತ ನೋಡಿ. ಬಾಕ್ಸ್ ಸೆಟ್ ಆದರೆ ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನಂಬದೆ ಒಳಗಿನ ಐದರ ಹೆಸರನ್ನೂ ಓದಿ. ಹಳೆಯ ಸೆಟ್ಟುಗಳಲ್ಲಿ ಒಂದು ಪುಸ್ತಕ ಕಳೆದು ಇನ್ನೊಂದು ಸರಣಿಯದನ್ನು ತುರುಕಿರುತ್ತಾರೆ. ಮಗುವಿಗೆ ಹಿಡಿಸುತ್ತದೋ ಇಲ್ಲವೋ ಅನ್ನುವ ಅನುಮಾನವಿದ್ದರೆ ಸೆಟ್ ಬೇಡ, ಲೈಟ್ನಿಂಗ್ ಥೀಫ್ ಒಂದನ್ನೇ ತನ್ನಿ. ಮೊದಲ ಅಧ್ಯಾಯದಲ್ಲೇ ಮ್ಯೂಸಿಯಂ ಪ್ರವಾಸದ ನಡುವೆ ಗಣಿತದ ಮೇಡಂಗೆ ರೆಕ್ಕೆ ಮೂಡುತ್ತದೆ. ಅದಕ್ಕೂ ಹನ್ನೊಂದನೆಯ ಅಧ್ಯಾಯದ ಬೊಂಬೆ ಅಂಗಡಿಗೂ ಮಗು ಜಗ್ಗದಿದ್ದರೆ ಉಳಿದ ನಾಲ್ಕನ್ನು ಒತ್ತಾಯದಿಂದ ಓದಿಸಬೇಡಿ.

ಡೆಮಿಗಾಡ್ಸ್ ಅಂಡ್ ಮಜಿಷಿಯನ್ಸ್ ಎಂಬ ತೆಳ್ಳನೆಯ ಪುಸ್ತಕ ಕಣ್ಣಿಗೆ ಬಿದ್ದರೆ ತೆಗೆದಿಟ್ಟುಕೊಳ್ಳಿ, ಆದರೆ ಕೂಡಲೇ ಕೊಡಬೇಡಿ. ಪರ್ಸಿ, ಆನಬೆತ್ ಇಬ್ಬರೂ ಕಾರ್ಟರ್, ಸೇಡಿಯನ್ನು ಭೇಟಿಯಾಗುವ ಮೂರು ಕತೆಗಳು ಅದರಲ್ಲಿವೆ. ಪರ್ಸಿಯ ಐದು, ಕೇನ್‌ನ ಮೂರು ಎರಡೂ ಮುಗಿದಿರಬೇಕು. ಹೀರೋಸ್ ಆಫ್ ಒಲಿಂಪಸ್ ಕೂಡ ಮುಗಿದಿದ್ದರೆ ಇನ್ನೂ ಒಳ್ಳೆಯದು.